ಬಿಸಿಲಿಗಷ್ಟೇ ಮುಚ್ಚಿದ ಮುಖ

ಆ ಬೇಸಿಗೆ ಐರಣಿಯ ಹೊಲದಲ್ಲಿ ಬೆಂಡೆಯ ಕ್ರಾಸಿಂಗ್ ಶುರುವಾದ ವಾರವೇ ನನ್ನ ಎರಡೂ ಕೆನ್ನೆಗಳು ಕೆಂಪಾದವು. ಅದಕ್ಕೆ ಮೂರು ಊರಿನವರು ಮೂರು ಕಾರಣ ಹೇಳಿದರು. ಮೂರೂ ತಪ್ಪು.

ಐರಣಿಯಲ್ಲಿ ನಮ್ಮ ಕೂಲಿ ಹೆಣ್ಣುಮಕ್ಕಳ ಗ್ಯಾಂಗು ನಡೆಸುವ ಅಕ್ಕ ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು. “ಬೆಂಡಿ ಸುಂಕು ಹತ್ತೇತ್ರಿ ಮೇಡಂ. ಔಡಲೆಣ್ಣಿ ಹಚ್ಕೊಂಡು ಮುಂಜಾನಿ ಎಳಿಬಿಸಲಿಗೆ ಕುಂದ್ರಿ, ತಾನ ಹೋಗತೈತಿ” ಎಂದಳು. ಬೆಂಡೆ ಗಿಡದ ಮೈಮೇಲಿನ ಸಣ್ಣ ಮುಳ್ಳುಗೂದಲಿಗೆ ನಾವು ಸುಂಕು ಎನ್ನುತ್ತೇವೆ. ತಾಗಿದರೆ ಕೈಯೆಲ್ಲ ಕಡಿತ. ಹೊಲದಲ್ಲಿ ಯಾರಿಗೆ ಏನೇ ಎದ್ದರೂ ಮೊದಲ ಅನುಮಾನ ಅದರ ಮೇಲೆಯೇ. ಬ್ಯಾಡಗಿಯಲ್ಲಿ ನನ್ನ ಮನೆಯ ಓಣಿಯವರು ಮೆಣಸಿನಕಾಯಿ ಘಾಟು ಎಂದರು. ಆ ಊರಲ್ಲಿ ಕೂಸಿಗೆ ಸೀನು ಬಂದರೂ, ಮದುಮಗಳ ಕಣ್ಣಲ್ಲಿ ನೀರು ಬಂದರೂ ಮೆಣಸಿನಕಾಯಿಯೇ ಹೊಣೆ. ರಾಣೆಬೆನ್ನೂರಿನ ಒಬ್ಬ ಮೆಡಿಕಲ್ ಅಂಗಡಿಯವನು ಮುಖ ಎತ್ತಿ ನೋಡದೆಯೇ “ಅಲರ್ಜಿ” ಎಂದು ಒಂದು ಟ್ಯೂಬು ಕೊಟ್ಟ.

ಅಕ್ಕ ಹೇಳಿದಂತೆ ಹರಳೆಣ್ಣೆ ಹಚ್ಚಿಕೊಂಡು ಎಳೆಬಿಸಿಲಿಗೆ ಕುಳಿತೆ. ಕೆನ್ನೆ ಮತ್ತಷ್ಟು ಉರಿಯಿತು. ಟ್ಯೂಬು ಹಚ್ಚಿದಾಗ ತಣ್ಣಗಾಯಿತು, ಬಿಟ್ಟಾಗ ಮೊದಲಿಗಿಂತ ಜೋರಾಗಿ ಎದ್ದಿತು.

ನನ್ನ ಕೆಲಸ ಏನೆಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ನಾನು ಫೀಲ್ಡ್ ಸೂಪರ್‌ವೈಸರ್. ಕಂಪನಿ ಬಿತ್ತನೆಗೆ ಬೀಜ ಕೊಡುತ್ತದೆ, ರೈತರು ತಮ್ಮ ಹೊಲದಲ್ಲಿ ಬೆಳೆಯುತ್ತಾರೆ, ಹೆಣ್ಣು ಸಾಲಿನ ಹೂವಿಗೆ ಗಂಡು ಸಾಲಿನ ಹೂವಿನ ಪರಾಗ ಮುಟ್ಟಿಸಿ ಹೈಬ್ರಿಡ್ ಬೀಜ ಮಾಡುವವರು ಹೆಣ್ಣುಮಕ್ಕಳ ಗ್ಯಾಂಗು. ಇದಕ್ಕೇ ನಮ್ಮ ಕಡೆ ಕ್ರಾಸಿಂಗ್ ಅನ್ನುವುದು. ಇಳಿಹೊತ್ತಿನಲ್ಲಿ, ನಾಳೆ ಅರಳುವ ಮೊಗ್ಗನ್ನು ಗುರುತು ಹಿಡಿದು, ಬುಡದಲ್ಲಿ ಹೆಬ್ಬೆರಳಿನ ಉಗುರಿನಿಂದ ಸುತ್ತ ಗೀರಿ, ದಳವನ್ನೂ ಒಳಗಿನ ಗಂಡು ಭಾಗವನ್ನೂ ಟೊಪ್ಪಿಗೆ ತೆಗೆದಂತೆ ಒಮ್ಮೆಗೇ ಎತ್ತಬೇಕು. ನಡುವಿನ ಹೆಣ್ಣು ಕಡ್ಡಿಗೆ ಗಾಯವಾಗಬಾರದು. ಅದಕ್ಕೆ ಕೆಂಪು ಕಾಗದದ ಟೋಪಿ ತೊಡಿಸಿ ಬಂದರೆ, ಮರುದಿನ ಬೆಳಗ್ಗೆ ಟೋಪಿ ತೆಗೆದು ಗಂಡು ಹೂವನ್ನು ಮೆಲ್ಲಗೆ ಉಜ್ಜಿ ತೊಟ್ಟಿಗೆ ದಾರ ಕಟ್ಟುವುದು. ದಾರವಿಲ್ಲದ ಕಾಯಿ ಹೊಲದಲ್ಲಿ ಉಳಿಯಕೂಡದು. ಒಂದು ಮೊಗ್ಗು ಕಣ್ತಪ್ಪಿ ಅರಳಿ, ತನ್ನ ಪರಾಗದಿಂದಲೇ ಕಾಯಿ ಕಟ್ಟಿದರೆ ಅದು ಸೆಲ್ಫ್ ಕಾಯಿ. ಅಂಥವು ಬೀಜದಲ್ಲಿ ಬೆರೆತರೆ ಕಂಪನಿ ಇಡೀ ಹೊಲದ ಬೀಜವನ್ನು ಬೇಡವೆನ್ನುತ್ತದೆ. ಕಣ್ತಪ್ಪದಂತೆ ನೋಡುವುದು ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಸಾಲಿನಿಂದ ಸಾಲಿಗೆ ನಡೆಯುತ್ತೇನೆ. ಈ ಕೆಲಸದಲ್ಲಿ ನನಗೆ ಹೆಸರಿದೆ. ಹಾಗೆ ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ಗಂಡಸರೇ ತುಂಬಿದ್ದ ಆ ಕೆಲಸಕ್ಕೆ ಜಗಳ ಮಾಡಿಯೇ ಬಂದವಳು ನಾನು.

ಕೆಂಪು ಕೆನ್ನೆಯಲ್ಲೇ ನಿಲ್ಲಲಿಲ್ಲ. ಮೂಗಿನ ಸೇತುವೆ ದಾಟಿ ಎರಡೂ ಕಡೆ ಒಂದೇ ಸಮನಾಗಿ ಹರಡಿತು. ಕೈಬೆರಳುಗಳ ಮೇಲ್ಭಾಗ ಕೆಂಪಾಯಿತು, ಗೆಣ್ಣುಗಳನ್ನು ಮಾತ್ರ ಬಿಟ್ಟು. ಬಲ ಕಿವಿಯ ಒಳಭಾಗದಲ್ಲಿ ಒಂದು ಕಲೆ ಎದ್ದು ಹೊಪ್ಪಳಿಕೆ ಕಟ್ಟಿತು. ಕೆರೆದು ಎತ್ತಿದರೆ ಹೊಪ್ಪಳಿಕೆಯ ಅಡಿಯಲ್ಲಿ ಸಣ್ಣ ಸಣ್ಣ ಮೊಳೆಗಳಿದ್ದಂತೆ ಕಾಣುತ್ತಿತ್ತು. ಅದೇ ಕಿವಿಯ ಮೇಲೆ ತಲೆಯಲ್ಲೂ ಅಂಥದೇ ಕಲೆ, ಅಲ್ಲಿ ಕೂದಲು ಉದುರಿ ಚರ್ಮ ನುಣ್ಣಗಾಯಿತು. ಬೆಳಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಒಂದು ಸಂಜೆ ಗ್ಯಾಂಗಿಗೆ ಸೇರಿದ ಹೊಸ ಹುಡುಗಿಗೆ ಮೊಗ್ಗು ಬಿಡಿಸುವುದನ್ನು ತೋರಿಸಲು ಹೋದೆ. ಉಗುರು ಒತ್ತುವಾಗ ಹೆಬ್ಬೆರಳಿನಲ್ಲಿ ನೋವು ಎದ್ದು ಹೆಣ್ಣು ಕಡ್ಡಿಯನ್ನೇ ಮುರಿದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಹೊಲದ ಯಜಮಾನರ ತಾಯಿ ದಿನವೂ ಹೊಲಕ್ಕೆ ಬರುವ ಹಿರಿಯರು. ಗ್ಯಾಂಗಿನವರಿಗೆ ನೀರು, ಮಜ್ಜಿಗೆ ಕೊಡುವುದು ಅವರ ಕೈಯಿಂದಲೇ. ಆ ವಾರ ಅವರು ನನಗಾಗಿ ಬೇರೆ ಲೋಟ ಇಟ್ಟರು. ಬೈಯಲಿಲ್ಲ. ಲೋಟವನ್ನು ಬೇರೆ ಕಲ್ಲಿನ ಮೇಲೆ ಇಟ್ಟು ದೂರದಿಂದ ನೀರು ಸುರಿದರು, ಅಷ್ಟೇ. ಅವತ್ತು ಕುಡಿದೆ. ಮರುದಿನ ಆ ಲೋಟವನ್ನು ತೊಳೆದು ಅವರ ಮುಂದೆಯೇ ಬೋರಲು ಹಾಕಿ, “ಅಮ್ಮಾರ, ಇದು ನನಗ ಬ್ಯಾಡ್ರಿ. ಎಲ್ಲಾರು ಕುಡಿಯೂದರಾಗ ಕುಡೀತೀನಿ, ಇಲ್ಲಂದ್ರ ಬಾಟ್ಲಿ ತರ್ತೀನಿ” ಎಂದೆ. ಅವರು ಆ ಲೋಟವನ್ನೇ ಎತ್ತಿ ಮತ್ತೆ ಬೇರೆ ಕಲ್ಲಿನ ಮೇಲೆ ಇಟ್ಟರು. ಬಾಟಲಿ ತಂದೆ.

ಅದೇ ವಾರ ಹಾವೇರಿಗೆ ಹೋದೆ. ಚರ್ಮದ ಡಾಕ್ಟರು ಹೆಣ್ಣುಮಗಳು, ನನಗಿಂತ ಸ್ವಲ್ಪ ದೊಡ್ಡವರು. ಅವರು ಮೊದಲು ಟ್ಯೂಬು ಕೇಳಿದರು. ಕೊಟ್ಟೆ. ಓದಿ ನೋಡಿ ಕಸದ ಬುಟ್ಟಿಗೆ ಹಾಕಿದರು. ಆಮೇಲೆ ಕನ್ನಡಿಯನ್ನು ನನ್ನ ಕೈಗೆ ಕೊಟ್ಟು, ಮೂಗಿನ ಬದಿಯಿಂದ ಬಾಯಿಯ ಕಡೆಗೆ ಇಳಿಯುವ ಗೆರೆಯನ್ನು ತೋರಿಸಿದರು.

“ಇಲ್ಲಿ ನೋಡ್ರಿ. ಈ ಗೆರಿಯೊಳಗ ಕೆಂಪಿಲ್ಲ. ಸುಂಕು ಹತ್ತಿದ್ರ ಗೆರಿ ಬಿಟ್ಟು ಹತ್ತತೈತೇನು? ಬಿಸಲು ಬೀಳದ ಜಾಗ ಇದು, ಅದಕ್ಕ ಉಳದೇತಿ. ಬಾಯಾಗ ಹುಣ್ಣು ಆಗ್ಯಾವೇನು?”

“ಆಗಿದ್ದವ್ರಿ. ನೋವು ಇರಲಿಲ್ಲ, ಹಂಗ ಬಿಟ್ಟೆ.”

“ಕೀಲು?”

“ಮುಂಜಾನಿ ಬೆರಳು ಮಡಚಂಗಿಲ್ರಿ.”

ಅವರು ತಲೆಯಾಡಿಸಿ ರಕ್ತ, ಮೂತ್ರದ ಪರೀಕ್ಷೆ ಬರೆದರು. ತಲೆಯ ಕಲೆಯ ಅಂಚಿನಿಂದ ಒಂದು ತುಣುಕು ಚರ್ಮ ತೆಗೆದರು. ಮರಗಟ್ಟಲು ಒಂದು ಸೂಜಿ, ಆಮೇಲೆ ಪೆನ್ನಿನ ಹಾಗಿರುವ ಒಂದು ಸಾಧನವನ್ನು ಒತ್ತಿ ತಿರುಗಿಸಿದರು, ಒಂದು ಹೊಲಿಗೆ ಹಾಕಿದರು. ಕಾಳಿನಷ್ಟು ಚರ್ಮ ಒಂದು ಡಬ್ಬಿಯೊಳಗೆ ಹೋಯಿತು.

ವರದಿ ಬಂದಾಗ ಹೆಸರೂ ಬಂತು. ಲೂಪಸ್. ಮೈಯನ್ನು ಕಾಯಬೇಕಾದ ಪಡೆ ಮೈಯ ಮೇಲೆಯೇ ತಿರುಗಿ ಬೀಳುವ ರೋಗ. ಬಿಸಿಲು ಬಿದ್ದಾಗ ಎಲ್ಲರ ಚರ್ಮದಲ್ಲೂ ಒಂದಷ್ಟು ಜೀವಕೋಶ ಸಾಯುತ್ತವಂತೆ. ಬೇರೆಯವರ ಮೈ ಆ ಕಸ ಗುಡಿಸಿ ಸುಮ್ಮನಾಗುತ್ತದೆ. ನನ್ನ ಮೈ ಆ ಕಸವನ್ನೇ ಶತ್ರು ಎಂದುಕೊಂಡು ಬಡಿಗೆ ಹಿಡಿದು ಬರುತ್ತದೆ. ನನಗೆ ಇದು ಕೂಡಲೇ ತಿಳಿಯಿತು. ನಮ್ಮ ಹೊಲದಲ್ಲಿ ಬೆರಕೆ ಗಿಡ ಕೀಳಲು ಜನ ಇಡುತ್ತೇವೆ. ಆ ಜನಕ್ಕೆ ತಲೆ ಕೆಟ್ಟು ಒಳ್ಳೆಯ ಗಿಡವನ್ನೇ ಕಿತ್ತು ಹಾಕತೊಡಗಿದರೆ ಹೇಗೋ ಹಾಗೆ.

ಡಾಕ್ಟರು ಇನ್ನೂ ಹೇಳಿದರು. ಕೆನ್ನೆಯ ಕೆಂಪು ಒಂದು ಬಗೆ, ಅದು ಇಳಿದರೆ ಗುರುತು ಉಳಿಯದೆ ಹೋಗಬಹುದು. ಕಿವಿ, ತಲೆಯದು ಇನ್ನೊಂದು ಬಗೆ, ಅದು ಕೂದಲಿನ ಬೇರನ್ನೇ ಸುಟ್ಟು ಕಲೆ ಬಿಟ್ಟು ಹೋಗುತ್ತದೆ. ಕೆಲವರಿಗೆ ಬೆನ್ನು, ತೋಳಿನ ಮೇಲೆ ಬಳೆಯಂಥ ಉಂಗುರಗಳೂ ಏಳುತ್ತವೆ. ಕೆಲವರಿಗೆ ಚರ್ಮದಲ್ಲೇ ನಿಲ್ಲುತ್ತದೆ, ಕೆಲವರಿಗೆ ಒಳಗೂ ಇಳಿಯುತ್ತದೆ.

“ನಿಮಗ ಕೀಲಿಗೂ ಬಂದೇತಿ. ಮೂತ್ರ ಚಲೋ ಐತಿ, ಸದ್ಯಕ್ಕ ಕಿಡ್ನಿಗೆ ಏನೂ ಆಗಿಲ್ಲ. ಆದ್ರ ತಪ್ಪದ ತಪಾಸಣಿಗೆ ಬರಬೇಕು.”

“ಇದು ಅಂಟತೈತೇನ್ರಿ?”

“ಇಲ್ಲ. ಮುಟ್ಟಿದ್ರ, ಎಂಜಲಾ ಕುಡದ್ರ, ಒಂದ ಹಾಸಿಗ್ಯಾಗ ಮಲಗಿದ್ರ, ಯಾವುದಕ್ಕೂ ಅಂಟಂಗಿಲ್ಲ.”

ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡೆ.

ಮಲೇರಿಯಾಕ್ಕೆ ಕೊಡುವ ಜಾತಿಯ ಒಂದು ಗುಳಿಗೆ ಬರೆದರು. ಅದು ಕೆಲಸ ಮಾಡಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಕಣ್ಣಿನ ಡಾಕ್ಟರಿಗೂ ತೋರಿಸಿಕೊಳ್ಳುತ್ತಿರಬೇಕು. ಕಿವಿಗೆ, ತಲೆಗೆ ಬೇರೆ ಮುಲಾಮು, ಅವರು ಹೇಳಿದಷ್ಟು ದಿನ ಮಾತ್ರ. ಬಿಸಿಲಿಗೆ ಹಚ್ಚುವ ಸನ್‌ಸ್ಕ್ರೀನ್ ಮನೆಯಿಂದ ಹೊರಡುವ ಮೊದಲು ಒಮ್ಮೆ, ಬೆವರಿದ ಹಾಗೆಲ್ಲ ಮತ್ತೆ. ಕೊನೆಗೆ ಪೆನ್ನು ಕೆಳಗಿಟ್ಟು, “ಹೊಲದ ಕೆಲಸ ಬಿಡ್ರಿ” ಎಂದರು.

“ಬಿಡಂಗಿಲ್ರಿ” ಎಂದೆ.

“ನಾ ನಿಮ್ಮ ಒಳ್ಳೇದಕ್ಕ ಹೇಳಾಕತ್ತೇನಿ.”

“ನನಗ ಗೊತ್ತೈತ್ರಿ. ಬಿಡು ಅನ್ನೂದು ಎಲ್ಲಾರಿಗೂ ಬರತೈತಿ. ಯಾವ ಹೊತ್ತಿನ್ಯಾಗ ಹೋಗಬಹುದು, ಯಾವಾಗ ಹೋಗಬಾರದು, ಅದನ್ನ ಹೇಳ್ರಿ. ಆ ಪ್ರಕಾರ ನಾ ನಡೀತೀನಿ.”

ಅವರಿಗೆ ಕೋಪ ಬಂದದ್ದು ಕಂಡಿತು. ಹೊರಗೆ ಬೆಂಚಿನ ಮೇಲೆ ಇನ್ನೂ ಜನ ಕುಳಿತಿದ್ದರು. ಆದರೂ ಅವರು ಕುರ್ಚಿ ಎಳೆದುಕೊಂಡು ನನ್ನ ಕೆಲಸದ ಹೊತ್ತುಗೊತ್ತು ಕೇಳಿದರು, ಮೊಗ್ಗು ಯಾವಾಗ, ಹೂವು ಯಾವಾಗ ಎಂದೆಲ್ಲ. ಹೊತ್ತು ಏರುವ ಮೊದಲು ಹೊಲ ಬಿಡಬೇಕು, ಇಳಿಯುವವರೆಗೆ ನೆರಳಲ್ಲಿರಬೇಕು, ಮೋಡ ಇದ್ದರೂ ಅದೇ ಕಟ್ಟುಪಾಡು. ತುಂಬು ತೋಳು, ಅಗಲ ಟೋಪಿ, ಮುಖಕ್ಕೆ ಒತ್ತಾಗಿ ನೇಯ್ದ ಬಟ್ಟೆ. “ಜ್ವರ ಬಂದ್ರ, ಕಾಲು ಬಾತ್ರ, ಮೂತ್ರದಾಗ ನೊರಿ ಕಂಡ್ರ ಆವತ್ತ ಎಲ್ಲಾ ಬಿಟ್ಟು ಇಲ್ಲಿಗೆ ಬರಬೇಕು. ಆಗ ವಾದಾ ಮಾಡಾಂಗಿಲ್ಲ.” ಒಪ್ಪಿದೆ.

ರಾಣೆಬೆನ್ನೂರಿನ ಆಫೀಸಿನಲ್ಲಿ ನಮ್ಮ ಫೀಲ್ಡ್ ಆಫೀಸರು ಕೆಟ್ಟವರಲ್ಲ. ನನ್ನನ್ನು ಕೂರಿಸಿ, ಚಹಾ ತರಿಸಿ, ಬೀಜ ಆರಿಸಿ ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಒಂದು ಕೆಲಸವಿದೆ ಎಂದರು. ನೆರಳು, ಫ್ಯಾನು, ಕುರ್ಚಿ. ಆಮೇಲೆ ಮುಂದುವರಿಸಿದರು.

“ಹೊಲದ ಮನಿಯವರು ಫೋನ್ ಮಾಡಿದ್ರು. ಜನ ಅಂಜಾಕತ್ತಾರ ಅಂತ. ಇಲ್ಲಾ ಅಂದ್ರ ಹಿಂಗ ಮಾಡ್ರಿ. ಹೊಲಕ್ಕ ಹೋಗ್ರಿ, ಆದ್ರ ಮುಖಕ್ಕ ಸದಾ ಏನರ ಕಟ್ಕೊಂಡ ಇರ್ರಿ. ಊಟಕ್ಕ ಬ್ಯಾರೆ ಕುಂದ್ರಿ. ಯಾರಿಗೂ ಕಾಣಬಾರದು ಅಷ್ಟ.”

ಅಲ್ಲಿಯವರೆಗೆ ನಾನು ಬಿಸಿಲಿನ ಲೆಕ್ಕ ಹಾಕುತ್ತಿದ್ದೆ. ಜನರ ಲೆಕ್ಕ ಹಾಕಿರಲಿಲ್ಲ. ಶೆಡ್ಡಿನ ಕೆಲಸ ಹೊಟ್ಟೆ ತುಂಬಿಸುತ್ತಿತ್ತು, ಅದರಲ್ಲಿ ಅವಮಾನವೂ ಏನಿರಲಿಲ್ಲ. ಬಿಸಿಲಿನ ಕಾರಣಕ್ಕೆ ಅದನ್ನು ಕೊಟ್ಟಿದ್ದರೆ ಒಪ್ಪುತ್ತಿದ್ದೆನೇನೋ. ಆದರೆ ನನ್ನ ಮುಖ ನೋಡಲಾರದ ಜನಕ್ಕಾಗಿ ನನ್ನನ್ನು ಒಳಗೆ ಕೂರಿಸುವುದಾದರೆ ನಾನು ಒಳಗೆ ಕೂರುವವಳಲ್ಲ. ಇವತ್ತು ಹೊಲ ಬಿಟ್ಟರೆ ನಾಳೆ ಓಣಿ, ನಾಡಿದ್ದು ಮದುವೆ ಮನೆ, ಹೀಗೆ ಒಂದೊಂದೇ ಜಾಗ ಬಿಡುತ್ತಾ ಹೋಗಬೇಕಾಗುತ್ತದೆ.

“ಸರ್, ಬಿಸಲಿಗೆ ಮುಚ್ಕೊಂತೀನಿ. ಜನರಿಗೆ ಮುಚ್ಕೊಳ್ಳಂಗಿಲ್ಲ. ನೆರಳಿಗೆ ಬಂದ್ ಮ್ಯಾಲೆ ಬಟ್ಟಿ ತೆಗಿಯಾಕಿನ. ಈ ಹೊಲದಾಗ ಒಂದ ಸೆಲ್ಫ್ ಕಾಯಿ ನನ್ನ ತಪ್ಪಿಂದ ಉಳದ್ರ ಆಗ ಶೆಡ್ಡಿಗೆ ಕಳಸ್ರಿ, ಹೋಗ್ತೀನಿ.”

ಅವರು ಚಹಾ ಲೋಟ ತಿರುಗಿಸುತ್ತಾ ಕುಳಿತರು. ಆಮೇಲೆ, “ಆತು, ನೋಡೂಣು” ಎಂದರು.

ಮಾತು ಸುಲಭ, ಕೆಲಸ ಸುಲಭವಿರಲಿಲ್ಲ. ನಮ್ಮ ಮನೆಯವರು ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುತ್ತಾರೆ. ಅವರ ತುಂಬು ತೋಳಿನ ಅಂಗಿಯನ್ನು ಸೀರೆಯ ಮೇಲೆ ತೊಟ್ಟು, ಟೋಪಿ ಇಟ್ಟು, ಮುಖಕ್ಕೆ ಬಟ್ಟೆ ಸುತ್ತಿ, ಸನ್‌ಸ್ಕ್ರೀನ್ ಬಳಿದುಕೊಂಡು ಹೊರಟರೆ ಗ್ಯಾಂಗಿನವರು “ಮೇಡಂ ನಾಟಕದಾಗ ಪಾರ್ಟ್ ಮಾಡಾಕ ಹೊಂಟಾರ” ಎಂದು ನಗುತ್ತಿದ್ದರು. ನಗಲಿ ಬಿಡಿ, ಅದರಿಂದ ನನಗೇನೂ ಆಗಲಿಲ್ಲ. ಛತ್ರಿ ಹಿಡಿದು ಸಾಲಿನಲ್ಲಿ ನಡೆದೆ. ಬೆಂಡೆ ಎದೆಮಟ್ಟ ಬೆಳೆದಿತ್ತು. ಊರ ಪಕ್ಕದ ಹೊಳೆಯ ಕಡೆಯ ಗಾಳಿಗೆ ಛತ್ರಿ ವಾಲಿ ಕೆಂಪು ಟೋಪಿಗಳನ್ನು ಉದುರಿಸುತ್ತಾ ಹೋಯಿತು. ಹಿಂದೆ ತಿರುಗಿ ನೋಡಿದರೆ ನಾನು ನಡೆದ ಸಾಲಿನ ಉದ್ದಕ್ಕೂ ಕಾಗದ ಬಿದ್ದಿತ್ತು. ಛತ್ರಿ ಅವತ್ತಿಗೇ ಮನೆ ಸೇರಿತು.

ಆಮೇಲೆ ಹೊತ್ತನ್ನೇ ಬದಲಿಸಿದೆ. ಮೊಗ್ಗು ಬಿಡಿಸುವುದನ್ನು ಬಿಸಿಲು ಪೂರ್ತಿ ಇಳಿದ ಮೇಲೆ ಶುರು ಮಾಡಿರೆಂದು ಗ್ಯಾಂಗಿಗೆ ಹೇಳಿದೆ. ಅದು ನನ್ನ ಲೆಕ್ಕ, ಮೊಗ್ಗಿನ ಲೆಕ್ಕವಲ್ಲ. ಹೊಲದ ತುದಿ ಮುಟ್ಟುವ ಮೊದಲೇ ಕತ್ತಲಾಯಿತು, ಕೈ ಕಾಣದಾಯಿತು, ಕೊನೆಯ ಸಾಲುಗಳ ಮೊಗ್ಗು ಹಾಗೇ ಉಳಿದವು. ಮರುದಿನ ನಾನು ಮೊದಲ ಬಸ್ಸು ಹಿಡಿದು ಬರುವಷ್ಟರಲ್ಲಿ ಆ ಸಾಲುಗಳ ತುಂಬ ಹಳದಿ ಹೂವು ಅರಳಿ ನಿಂತಿತ್ತು. ನೋಡಲು ಚೆಂದ, ನಮಗೆ ನಷ್ಟ. ಒಂದೂ ಬಿಡದೆ ಕಿತ್ತು ಹಾಕಬೇಕಾಯಿತು. ಹೊಲದ ಯಜಮಾನರು ಬದುವಿನ ಮೇಲೆ ನಿಂತು, “ನಿಮ್ಮ ಬ್ಯಾನಿಗೆ ನಮ್ಮ ಹೊಲ ಯಾಕ ಕಾಯಬೇಕ್ರಿ?” ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ.

ಮಧ್ಯಾಹ್ನದ ಹೊತ್ತಿಗೆ ಬೇವಿನ ಮರದ ಅಡಿ ಒಬ್ಬಳೇ ಕುಳಿತು ಹೂವಿನ ಹೊತ್ತನ್ನೇ ಮತ್ತೆ ಮತ್ತೆ ಯೋಚಿಸಿದೆ. ಮೊಗ್ಗು ಬಿಡಿಸುವ ಹೊತ್ತನ್ನು ಬದಲಿಸಲು ಬರುವುದಿಲ್ಲ. ಆದರೆ ನಾನು ತಪಾಸಣೆ ಮಾಡುವ ಹೊತ್ತು? ಸಂಜೆ ಕಣ್ತಪ್ಪಿದ ಮೊಗ್ಗು ಬೆಳಗ್ಗೆ ಅರಳುವವರೆಗೆ ಹಾನಿ ಮಾಡುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ ನಾನು ಹೊಲದಲ್ಲಿದ್ದರೆ, ಅರಳುವ ಮೊದಲೇ ಅದನ್ನು ಚಿವುಟಿ ಹಾಕಬಹುದು. ಕೆಂಪು ಟೋಪಿ ಎತ್ತಿ ನೋಡಿ, ಒಳಗೆ ಗಂಡು ಭಾಗದ ಚೂರು ಉಳಿದಿದ್ದರೆ ಅದು ಪರಾಗ ಬಿಡುವ ಮೊದಲೇ ಆ ಮೊಗ್ಗನ್ನೂ ತೆಗೆಯಬಹುದು. ಸೂರ್ಯ ಮೇಲೇರುವಷ್ಟರಲ್ಲಿ ಪೂರ್ತಿ ಹೊಲ ಮುಗಿಯುತ್ತದೆ, ಗ್ಯಾಂಗು ಬಂದು ಹೂವು ಮುಟ್ಟಿಸಲು ಶುರು ಮಾಡುವಾಗ ನಾನು ಬೇವಿನ ನೆರಳಿನಲ್ಲಿ ಕುಳಿತು ಗಂಡು ಹೂವು ಆರಿಸಿ ಕೊಡುತ್ತಿರುತ್ತೇನೆ. ಮಧ್ಯಾಹ್ನದ ಮೇಲಿನ ಮೊಗ್ಗಿನ ಕೆಲಸ ಪೂರ್ತಿ ಗ್ಯಾಂಗಿನ ಅಕ್ಕನ ಕೈಗೆ.

ಇದಕ್ಕೆ ಎರಡು ಬೇಕಿತ್ತು. ಒಂದು, ಅಕ್ಕ ಒಪ್ಪಬೇಕು. ಇನ್ನೊಂದು, ಬೆಳಕು ಹರಿಯುವ ಹೊತ್ತಿಗೆ ಹೊಲದಲ್ಲಿರಲು ನಾನು ಐರಣಿಯಲ್ಲೇ ಯಾರ ಮನೆಯಲ್ಲಾದರೂ ಉಳಿಯಬೇಕು. ಬೇರೆ ಲೋಟದಲ್ಲಿ ನೀರು ಕುಡಿಸಿದ ಊರಿನಲ್ಲಿ ಹಾಸಿಗೆ ಕೊಡುವವರು ಯಾರು?

ಊಟದ ಹೊತ್ತಿಗೆ ಗ್ಯಾಂಗಿನವರೆಲ್ಲ ರೊಟ್ಟಿ ಗಂಟು ಬಿಚ್ಚಿ ಕುಳಿತಿದ್ದರು. ಅವರ ನಡುವೆ ಹೋಗಿ ಕುಳಿತೆ. ಮುಖದ ಬಟ್ಟೆ ತೆಗೆದೆ, ಟೋಪಿ ತೆಗೆದೆ, ಕೂದಲು ಸರಿಸಿ ತಲೆಯ ಕಲೆಯನ್ನೂ ತೋರಿಸಿದೆ.

“ಎಲ್ಲಾರು ಸರಿಯಾಗಿ ನೋಡ್ರಿ. ಕದ್ದು ನೋಡೂದು ಬ್ಯಾಡ. ಇದು ಸುಂಕು ಅಲ್ಲ, ಕುಷ್ಠ ಅಲ್ಲ, ಯಾರ ಶಾಪಾನೂ ಅಲ್ಲ. ಲೂಪಸ್ ಅಂತ ಐತಿ. ಬಿಸಲು ಬಿದ್ರ ನನ್ನ ಚರ್ಮಾ ನನ್ನ ಮ್ಯಾಲೇ ಸಿಟ್ಟಾಗತೈತಿ. ಇದು ಅಂಟಂಗಿಲ್ಲ. ಅಂಟೂದಾಗಿದ್ರ ಮೊದಲ ನನ್ನ ಗಂಡಗ ಅಂಟಬೇಕಿತ್ತು.”

ಹಿಂದಿನಿಂದ ಒಬ್ಬಳು, “ನಿಮ್ಮವರು ಕೋಲ್ಡ್ ಸ್ಟೋರೇಜಿನ್ಯಾಗ ಇರ್ತಾರ ಬಿಡ್ರಿ, ಅವರಿಗೇನೂ ಕೆಡಂಗಿಲ್ಲ” ಎಂದಳು. ಎಲ್ಲರೂ ರೊಟ್ಟಿ ಕೈಯಲ್ಲೇ ಹಿಡಿದು ನಕ್ಕರು. ನಾನೂ ನಕ್ಕೆ. ಎಲ್ಲರೂ ಎನ್ನುವುದು ನಿಜವಲ್ಲ. ಎದೆಕೂಸಿನ ತಾಯಿಯೊಬ್ಬಳು ನಗಲಿಲ್ಲ, ಮರುದಿನದಿಂದ ಕೆಲಸಕ್ಕೂ ಬರಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬಂತು. ಈಗಲೂ ಇದೆ.

ಅಕ್ಕ ಊಟ ಮುಗಿಸಿ ಕೈ ತೊಳೆದು ನನ್ನ ಪಕ್ಕ ಬಂದು ಕುಳಿತಳು. ನನ್ನ ಯೋಜನೆ ಹೇಳಿದೆ. ಅವಳು ಮೊದಲು ಮೊಗ್ಗಿನ ಮಾತೇ ಆಡಿದಳು.

“ಮಧ್ಯಾಹ್ನದಿಂದ ನಾ ಒಬ್ಬಾಕಿನ ನೋಡ್ಕೋಬೇಕು. ತಪ್ಪಾದ್ರ ನನ್ನ ತಲಿ ಮ್ಯಾಲೆ ಹಾಕ್ತೀರಿ?”

“ಮುಂಜಾನಿ ನಾ ನೋಡಿದ್ ಮ್ಯಾಲೆ ಉಳದ್ರ ನನ್ನ ತಲಿ ಮ್ಯಾಲೆ.”

“ಆತು ಹಂಗಾರ. ಮತ್ತ ನಸಿಕಿನ್ಯಾಗ ಬ್ಯಾಡಗಿಯಿಂದ ಹೆಂಗ ಬರ್ತೀರಿ?”

ಬೇಡುವುದು ನನಗೆ ಬರುವುದಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ನಮ್ಮನ್ಯಾಗ ಇರು ಯವ್ವಾ. ಬ್ಯಾರೆ ಚಾಪಿ ಐತಿ. ನನ್ನ ಗೊರಕಿ ತಡಕೋಬೇಕು ನೋಡು ಅಷ್ಟ.”

ಅಂದಿನಿಂದ ಅವಳಿಗೆ ನಾನು ಮೇಡಂ ಆಗಿ ಉಳಿಯಲಿಲ್ಲ.

ಉಳಿದ ಕ್ರಾಸಿಂಗ್ ಹೀಗೇ ನಡೆಯಿತು. ಹೊಳೆಯ ಕಡೆಯಿಂದ ತಂಪು ಬರುವ ಹೊತ್ತಿಗೆ ಎದ್ದು ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿ ಸಡಿಲ ಮಾಡಿಕೊಳ್ಳುತ್ತಿದ್ದೆ. ಬೆಳಕು ಮೂಡಿದ ಕೂಡಲೇ ಸಾಲಿಗಿಳಿದು ಒಂದೊಂದೇ ಟೋಪಿ ಎತ್ತಿ ನೋಡುವುದು, ಅನುಮಾನ ಬಂದದ್ದನ್ನು ಚಿವುಟುವುದು, ಮುಂದೆ ಹೋಗುವುದು. ಮೊದಮೊದಲು ಅಕ್ಕನ ಗ್ಯಾಂಗು ಬಿಟ್ಟ ಮೊಗ್ಗುಗಳು ಬಹಳ ಸಿಕ್ಕವು. ಬೈದೆ. ಅಕ್ಕ ಅವರಿಗೆ ನನಗಿಂತ ಜೋರಾಗಿ ಬೈದಳು. ಆಮೇಲೆ ಕಡಿಮೆಯಾದವು. ಫೀಲ್ಡ್ ಆಫೀಸರು ಒಂದು ದಿನ ಹೇಳದೆ ಕೇಳದೆ ಬೆಳಗ್ಗೆಯೇ ಬಂದು ಸಾಲುಗಳಲ್ಲಿ ತಿರುಗಾಡಿ ನೋಡಿದರು. ಹುಡುಕಿ ಹುಡುಕಿ ಬರಿಗೈಯಲ್ಲಿ ಬೇವಿನಡಿಗೆ ಬಂದಾಗ ನಾನು ಬಟ್ಟೆ ತೆಗೆದು ಗಂಡು ಹೂವು ಆರಿಸುತ್ತಿದ್ದೆ. ಶೆಡ್ಡಿನ ಮಾತು ಮತ್ತೆ ಎತ್ತಲಿಲ್ಲ.

ರೋಗ ಮಾತ್ರ ತನ್ನ ಪಾಡಿಗೆ ತಾನಿತ್ತು. ಗುಳಿಗೆ ಅಷ್ಟು ಬೇಗ ಹಿಡಿಯುವಂಥದ್ದಲ್ಲ. ಕೆನ್ನೆ ಒಂದು ದಿನ ತಿಳಿಯಾದರೆ ಇನ್ನೊಂದು ದಿನ ಕೆಂಡ. ಕಿವಿಯ ಕಲೆ ಒಣಗಿ ನಡುವೆ ಬಿಳಿಚಿ, ಅಂಚಿನಲ್ಲಿ ಕಪ್ಪಾಗಿ, ಕುಳಿ ಬಿತ್ತು. ತಲೆಯ ಆ ಜಾಗದಲ್ಲಿ ಕೂದಲು ಬರುವುದಿಲ್ಲವೆಂದು ಡಾಕ್ಟರು ಮುಂದಿನ ತಪಾಸಣೆಯಲ್ಲಿ ನೇರವಾಗಿ ಹೇಳಿದರು. ಹಾವೇರಿಯಿಂದ ಬರುವ ಬಸ್ಸಿನಲ್ಲಿ ಅದಕ್ಕಾಗಿ ಅತ್ತೆ. ಬ್ಯಾಡಗಿಯಲ್ಲಿ ಇಳಿದು ಸಂತೆ ಮಾಡಿಕೊಂಡು ಮನೆಗೆ ಹೋದೆ.

ಕ್ರಾಸಿಂಗ್ ನಿಲ್ಲಿಸಿದ ದಿನ ಹೊಲದ ಮನೆಯಲ್ಲಿ ಗ್ಯಾಂಗಿಗೆಲ್ಲ ಹೋಳಿಗೆ ಊಟ. ಊಟವಾದ ಮೇಲೆ ಉಡಿ ತುಂಬುತ್ತಾರೆ. ಪಡಸಾಲೆಯಲ್ಲಿ ಜಮಖಾನ ಹಾಸಿ ಮುತ್ತೈದೆಯರನ್ನು ಸಾಲಾಗಿ ಕೂರಿಸಿ, ಕೆನ್ನೆಗೆ ಅರಿಷಿಣ ಹಚ್ಚಿ, ಹಣೆಗೆ ಕುಂಕುಮ ಇಟ್ಟು, ಸೆರಗಿನಲ್ಲಿ ಕುಬಸದ ಕಣ ಎನ್ನುವ ರವಿಕೆ ಬಟ್ಟೆ, ಕೊಬ್ಬರಿ, ಅಕ್ಕಿ ಹಾಕುವುದು. ಹಾಕುವವರು ಯಜಮಾನರ ತಾಯಿ. ನಾನು ಸಾಲಿನ ನಡುವೆ ಕುಳಿತೆ. ನೆರಳಿನಲ್ಲಿದ್ದೆವು, ಮುಖಕ್ಕೆ ಏನೂ ಇರಲಿಲ್ಲ.

ಅವರು ಒಬ್ಬೊಬ್ಬರಿಗೂ ಹಚ್ಚುತ್ತಾ ನನ್ನ ಮುಂದೆ ಬಂದರು. ಅರಿಷಿಣದ ಕೈ ಮೇಲೆ ಬಂದು ನನ್ನ ಕೆನ್ನೆಯ ಹತ್ತಿರ ನಿಂತಿತು. ಅವರು ಕೈ ಹಿಂದಕ್ಕೆ ತೆಗೆದುಕೊಂಡು ಬಟ್ಟಲನ್ನು ನನ್ನ ಮುಂದೆ ಹಿಡಿದರು.

“ನೀನ ಹಚ್ಕೋ ಯವ್ವಾ.”

“ನಾ ಹಚ್ಕೊಳ್ಳಂಗಿಲ್ರಿ ಅಮ್ಮಾರ. ಕೆನ್ನಿಗೆ ಅರಿಷಿಣ ಬ್ಯಾಡ ಅಂದಾರ ಡಾಕ್ಟರು.” ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ. “ಬರೇ ಕೈ ಇಡ್ರಿ ಸಾಕು. ಎಲ್ಲಾರಿಗೂ ಇಟ್ಟೀರಿ, ನನಗೂ ಇಡ್ರಿ. ಇಡಲಿಲ್ಲ ಅಂದ್ರ ನನಗ ಉಡಿ ಬ್ಯಾಡ, ಹಂಗ ಎದ್ದು ಹೋಗ್ತೀನಿ.”

ಪಕ್ಕದಲ್ಲಿದ್ದ ಅಕ್ಕ ತನ್ನ ಸೆರಗಿನಲ್ಲಿ ಬಿದ್ದಿದ್ದ ಕೊಬ್ಬರಿ, ಅಕ್ಕಿಯನ್ನು ಗಂಟು ಕಟ್ಟತೊಡಗಿದಳು. ನಾನು ಎದ್ದರೆ ತಾನೂ ಏಳುವ ತಯಾರಿ ಅದು. ಮುದುಕಿ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಬಟ್ಟಲನ್ನು ಕೆಳಗಿಟ್ಟರು. ಅರಿಷಿಣದ ಕೈಯನ್ನು ತಮ್ಮ ಸೆರಗಿಗೆ ಬೆರಳು ಬೆರಳೂ ಒರೆಸಿಕೊಂಡರು. ಆಮೇಲೆ ಅಂಗೈಯನ್ನು ನನ್ನ ಕೆನ್ನೆಯ ಮೇಲೆ ಇಟ್ಟರು, ತೆಗೆಯಲಿಲ್ಲ.

“ಸುಡಾಕತ್ತೇತಲ್ಲ ಯವ್ವಾ” ಎಂದರು. “ಇಷ್ಟು ಸುಡತಿತ್ತೇನ ದಿನಾ?”

“ಹೌದ್ರಿ. ದಿನಾ.”

ಅವರು ಇನ್ನೊಂದು ಕೈಯನ್ನೂ ಒರೆಸಿಕೊಂಡು ಇನ್ನೊಂದು ಕೆನ್ನೆಗೆ ಇಟ್ಟರು. ಅವರು ಎರಡೂ ಕೈ ತೆಗೆಯುವವರೆಗೆ ನಾನು ಮುಖ ಕೆಳಗೆ ಮಾಡಲಿಲ್ಲ.